ಕಲ್ಲೆಸೆಯುವ ಕಾಲ

ನವೆಂಬರ್ 9, ಸೋಮವಾರ

ಶುರುವಾಯಿತು. ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ಹುಳುಗಳ ಹಾಗೆ ಆಲ್ಬಮ್‌ಗಳು ಏಳುತ್ತಿವೆ. ಕ್ರಿಸ್‌ಮಸ್ಸಿಗೆ ಮುಂಚೆ ಆಲ್ಬಮ್ ಬಿಡದ ಗಾಯಕ ಸತ್ತವನಿಗೆ ಸಮ ಎಂದು ಈ ಕಿನ್ಶಾಸಾದಲ್ಲಿ ಯಾರು ವಿಧಿಸಿದರೋ ಕಾಣೆ. ಈ ವಾರ ಅಂಗಡಿಗೆ ಒಂದು ರುಂಬಾ ಬಂತು, ಒಂದು ಭಕ್ತಿಗೀತೆ, ಒಂದು ರ‍್ಯಾಪ್. ಜೊತೆಗೆ ಅಜ್ಜಂದಿರ ಕಾಲದ ಬೆರಳುವಾದ್ಯಕ್ಕೆ ಯಂತ್ರದ ಡ್ರಮ್ ಕಟ್ಟಿ ‘ಪೂರ್ವಜರ ನಾದ’ ಎಂದು ಹೆಸರಿಟ್ಟ ಇನ್ನೊಂದು. ಆ ಪೂರ್ವಜರು ಕೇಳಿದ್ದರೆ ಎದ್ದು ಬಂದು ವೈರು ಕಿತ್ತುಹಾಕುತ್ತಿದ್ದರು.

ಎಲ್ಲರೂ ತಾಯಿಯನ್ನು ಕರೆದಂತೆ ‘ಮಾಮಾ’ ಎನ್ನುವ ಕ್ಲೆಮಾಂಟೀನಳ ಅಂಗಡಿಯಲ್ಲಿ ನನ್ನ ಕೆಲಸ ಜನರ ಫೋನಿನ ಕಾರ್ಡಿಗೆ ಹಾಡು ತುಂಬಿಸುವುದು. ಬೇಕೋ ಬೇಡವೋ, ಎಲ್ಲವನ್ನೂ ಕೇಳಬೇಕು. ಮೂಗಿಲ್ಲದವಳಿಗೆ ಮೀನಿನ ಮಾರುಕಟ್ಟೆ ಸುಲಭ. ನನಗೆ ದುರದೃಷ್ಟಕ್ಕೆ ಕಿವಿಗಳಿವೆ.

ರುಂಬಾದ ಮೊದಲ ಹಾಡು ವಿರಹದ್ದು. ಹುಡುಗಿ ದೋಣಿ ಹತ್ತಿದಳು, ನದಿ ದಾಟಿದಳು, ಇವನಿಗೆ ಕಣ್ಣೀರು. ಅದು ಕೆನ್ನೆಗೆ ಇಳಿಯುವ ಮೊದಲೇ ಸಿಮೆಂಟು ತರಿಸುವವನೊಬ್ಬನ ಹೆಸರು. ಎರಡನೇ ಚರಣಕ್ಕೆ ಒಬ್ಬ ಜನರಲ್, ಅವನ ಹೆಂಡತಿ, ಹೆಂಡತಿಯ ದರ್ಜಿ. ಕಾಸು ಕೊಟ್ಟವನ ಹೆಸರನ್ನು ಹಾಡಿನೊಳಕ್ಕೆ ಎಸೆಯುವ ಈ ದಂಧೆಗೆ ನಮ್ಮಲ್ಲಿ ಕಲ್ಲೆಸೆಯುವುದು ಎನ್ನುತ್ತಾರೆ. ಸರಿಯಾದ ಹೆಸರೇ. ಪ್ರತಿಯೊಂದು ಕಲ್ಲೂ ನನ್ನ ಹಣೆಗೇ ಬಡಿಯುತ್ತದೆ.

ಇಂಥ ಒಬ್ಬ ನಮ್ಮ ಮನೆಯಲ್ಲೇ ಇದ್ದಾನೆ. ಅವನು ಹಾಡುವವನೂ ಅಲ್ಲ. ಹಾಡುವವನ ಪಕ್ಕ ನಿಂತು ಹೆಸರು ಕೂಗುವವನು. ಪ್ರೊಫೆಸರ್ ಬೊಯೆಂಗೆಯ ಬ್ಯಾಂಡಿನ ಕೂಗುಗಾರ ನ್ಜುಜಿ. ನಾನೂ ಅವನೂ ಒಂದೇ ಹೊಟ್ಟೆಯಿಂದ ಬಂದವರು ಎಂಬುದಕ್ಕೆ ಅಮ್ಮನ ಮಾತಲ್ಲದೆ ಬೇರೆ ಪುರಾವೆಯಿಲ್ಲ. ಬೊಯೆಂಗೆಗೆ ಪ್ರೊಫೆಸರ್ ಪದವಿ ಕೊಟ್ಟವನು ಬೊಯೆಂಗೆಯೇ. ಆರನೇ ತರಗತಿ ದಾಟಿದವನಲ್ಲ.

ನಮ್ಮ ಸಂಘದ ಪ್ಲಾಸಿಡ್ ಸಂಜೆ ಹೊಸ ಕರಪತ್ರ ತಂದುಕೊಟ್ಟ. ‘ಜನರ ಕಿವಿ ಜನರ ಆಸ್ತಿ.’ ನಿಂತಲ್ಲೇ ಎರಡು ಸಲ ಓದಿದೆ. ಈ ಊರಿನಲ್ಲಿ ಶುದ್ಧವಾದದ್ದು ಏನಾದರೂ ಇದ್ದರೆ ಅದು ಪ್ಲಾಸಿಡ್ ಬೊಲಂಬಾ ಮತ್ತು ಅವನ ಮಸಿ ಹತ್ತಿದ ಬೆರಳುಗಳು.

ನವೆಂಬರ್ 15, ಭಾನುವಾರ

ಭಕ್ತಿಗೀತೆಯ ಆಲ್ಬಮ್ ಪೂರ್ತಿ ಕೇಳಿದೆ. ದೇವರ ಹೆಸರಿಗಿಂತ ಕಬ್ಬಿಣದ ಅಂಗಡಿಯವನ ಹೆಸರು ಹೆಚ್ಚು ಸಲ ಬರುತ್ತದೆ. ದೇವರು ಕೊಟ್ಟದ್ದು ಸಾಲದೇನೋ. ರ‍್ಯಾಪ್ ಹುಡುಗ ಬಡತನದ ಬಗ್ಗೆ ಹಲ್ಲು ಕಡಿದು ಕೂಗುತ್ತಾನೆ. ಅಲ್ಲಿ ನನಗೂ ಒಂದು ಕ್ಷಣ ಮೈ ಜುಮ್ಮೆಂದಿತು. ಮರುಕ್ಷಣವೇ ಬಿಯರ್ ಡಿಪೋ ಒಡೆಯನಿಗೆ ನಮಸ್ಕಾರ. ಉಗಿಯಬೇಕೆನಿಸಿತು. ಉಗಿದೆ. ಮಾಮಾ ಕ್ಲೆಮಾಂಟೀನ್ ಅಂಗಡಿ ಒರೆಸಿಸಿದಳು.

ಊಟಕ್ಕೆ ಕೂತಾಗ ನ್ಜುಜಿಗೆ ಇದನ್ನೆಲ್ಲ ಹೇಳಿದೆ. ಅವನು ಫುಫುವಿನ ಉಂಡೆಯನ್ನು ಸೊಪ್ಪಿನಲ್ಲಿ ಹೊರಳಿಸುತ್ತಾ ಕೇಳಿಸಿಕೊಂಡ.

“ಲಾಂಡು, ನಿಮ್ಮ ಕರಪತ್ರದ ಕೊನೇಲಿ ನಿಮ್ಮ ಹೆಸರು ಹಾಕ್ತೀರಾ?”

“ಹಾಕಲ್ಲ. ನಮ್ಮದು ಹೆಸರಿಗಾಗಿ ಮಾಡೋ ಕೆಲಸ ಅಲ್ಲ.”

“ಅದಕ್ಕೇ ಯಾರೂ ಓದಲ್ಲ.”

ಅಮ್ಮ ನಕ್ಕಳು. ಅವಳು ಯಾವಾಗಲೂ ಅವನ ಕಡೆಗೇ ನಗುವುದು. ಅವನು ಆಮೇಲೆ ತನ್ನ ದಂಧೆಯನ್ನು ಸಮರ್ಥಿಸಿಕೊಂಡ. ದೊಡ್ಡವರೇ ಅಲ್ಲ, ಚಪ್ಪಲಿ ಹೊಲಿಯುವವನೂ ಬರುತ್ತಾನಂತೆ, ಅಂಗೋಲಾಕ್ಕೆ ಕೂಲಿಗೆ ಹೋಗುವವನೂ ಬರುತ್ತಾನಂತೆ, ಹೋಗುವ ಮುಂಚೆ ಒಂದು ಸಲ ನನ್ನನ್ನು ಕೂಗು, ನಾನೂ ಇದ್ದೆ ಎಂದು ಊರಿಗೆ ತಿಳಿಯಲಿ ಎನ್ನುತ್ತಾನಂತೆ. ಮನುಷ್ಯ ಇರುವುದಕ್ಕೆ ನಿನ್ನ ಗಂಟಲಿನ ರಸೀದಿ ಬೇಕೋ ಎಂದು ಕೇಳಿದೆ. ಬೇಕಾಗುತ್ತದೆ ಎಂದ. ಇಂಥ ಮಾತಿಗೆ ಕರಪತ್ರಗಳಲ್ಲಿ ಒಂದು ಪದವಿದೆ: ಗುಲಾಮ ಪ್ರಜ್ಞೆ.

ನವೆಂಬರ್ 23, ಸೋಮವಾರ

ಇವತ್ತು ಅಸಹ್ಯ ಎಂಬ ಮಾತೂ ಸಾಲದು.

ಬೊಯೆಂಗೆಯ ಆಲ್ಬಮ್ ಇನ್ನೂ ಬಂದಿಲ್ಲ. ನಾಲಿಗೆ ಚಪ್ಪರಿಸಲಿ ಎಂದು ಮೊದಲ ಹಾಡನ್ನಷ್ಟೇ ಬಿಟ್ಟಿದ್ದಾರೆ. ಪ್ರೇಮಗೀತೆ. ನಡುವೆ ಗಿಟಾರು ಒಬ್ಬೊಂಟಿಯಾಗಿ ಏರುವ ಜಾಗದಲ್ಲಿ, ಯಾರಿಗೇ ಆದರೂ ಎದೆ ತೇವವಾಗುವ ಜಾಗದಲ್ಲಿ, ನ್ಜುಜಿಯ ಧ್ವನಿ: “ಹಾನರಬಲ್ ಇಕೊಲಿ, ಬಡವರ ತಲೆಯ ಮೇಲಿನ ನೆರಳು.”

ಇಕೊಲಿ. ನಮ್ಮ ಬಡಾವಣೆಯ ಮಾರುಕಟ್ಟೆಯನ್ನು ನೆಲಸಮ ಮಾಡಿ ಮೂರು ಮಹಡಿಯ ಅಂಗಡಿ ಕಟ್ಟಲು ಹೊರಟಿರುವ ಸಂಸದ. ಅಮ್ಮ ನನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ಮರಗೆಣಸಿನ ಸೊಪ್ಪು ಕುಟ್ಟಿ ಮಾರಿದ ಜಾಗ ಅದು. ಈಗಲೂ ಅಲ್ಲೇ ಮಾರುತ್ತಾಳೆ. ಪ್ಲಾಸಿಡನ ಅಮ್ಮ ಮಾಮಾ ಎಯೆಂಗಾ ಅವಳ ಪಕ್ಕದಲ್ಲೇ ಹೊಗೆಮೀನು ಮಾರುತ್ತಾಳೆ. ಅವರ ತಲೆಯ ಮೇಲೆ ಇರುವ ನೆರಳು ಹರಿದ ಪ್ಲಾಸ್ಟಿಕ್ ಹಾಳೆಯದು. ಇಕೊಲಿ ಅದನ್ನೂ ಕಿತ್ತುಕೊಳ್ಳುತ್ತಾನೆ. ನಮ್ಮ ಮನೆಯ ಮಗ ಅವನನ್ನು ನೆರಳು ಎಂದು ಕೂಗುತ್ತಾನೆ.

ಮಾರುಕಟ್ಟೆಯಲ್ಲಿ ಯಾರದೋ ರೇಡಿಯೋದಲ್ಲಿ ಅದು ಬಂತಂತೆ. “ನಮ್ಮ ನ್ಜುಜಿ ಗಂಟಲು ಈ ಸಲ ಎಷ್ಟು ತಿಳಿಯಾಗಿದೆ ನೋಡೇ” ಎಂದಳು ಅಮ್ಮ.

ಅವನ ಜೊತೆ ಮಾತು ಬಿಟ್ಟಿದ್ದೇನೆ. ಪ್ಲಾಸಿಡ್ ಹೊಸ ಕರಪತ್ರ ಬರೆಯುತ್ತಿದ್ದಾನೆ. ಶನಿವಾರ ಆ ಹಾಡಿನ ಸಮಾರಂಭ ಇದೆ, ಇಕೊಲಿ ಬರುತ್ತಾನೆ. ಬಾಗಿಲಲ್ಲೇ ಹಂಚುತ್ತೇವೆ.

ನವೆಂಬರ್ 28, ಶನಿವಾರ

ಪ್ಲಾಸಿಡನನ್ನು ಹಿಡಿದರು.

ನಾನು ಹಿಂದಿನ ಬಾಗಿಲಲ್ಲಿ ಹಂಚುತ್ತಿದ್ದೆ. ಮುಂದೆ ಬರುವಷ್ಟರಲ್ಲಿ ಇಕೊಲಿಯ ಕಾವಲಿನವರು ಅವನನ್ನು ಪೊಲೀಸ್ ಜೀಪಿಗೆ ಎತ್ತಿ ಹಾಕಿಯಾಗಿತ್ತು. ಕರಪತ್ರಗಳು ಚರಂಡಿಯಲ್ಲಿ. ಒಳಗೆ ಸಂಗೀತ ನಿಂತಿರಲಿಲ್ಲ.

ಡಿಸೆಂಬರ್ 2, ಬುಧವಾರ

ಯಾವ ಠಾಣೆಯಲ್ಲಿದ್ದಾನೆ ಎಂದೇ ತಿಳಿಯದು. ಮಾಮಾ ಎಯೆಂಗಾ ದಿನಾ ಅನ್ನ, ಮೀನು ಕಟ್ಟಿಕೊಂಡು ನನ್ನ ಜೊತೆ ಠಾಣೆ ಠಾಣೆ ಅಲೆಯುತ್ತಾಳೆ. ಊಟದ ಡಬ್ಬಿ ಒಳಗೆ ತೆಗೆದುಕೊಂಡರೆ ಮಗ ಅಲ್ಲಿದ್ದಾನೆ, ವಾಪಸು ಕೊಟ್ಟರೆ ಇಲ್ಲ. ಇದುವರೆಗೆ ಎಲ್ಲ ಕಡೆ ವಾಪಸು. ಸಂಜೆ ಆ ತಣ್ಣಗಿನ ಅನ್ನವನ್ನು ಅವಳು ಬೀದಿಯ ಮಕ್ಕಳಿಗೆ ಹಂಚುತ್ತಾಳೆ, ಕೆಡಿಸಬಾರದು ಎಂದು.

ಪ್ರತಿ ಬಾಗಿಲಲ್ಲೂ ಒಂದೇ ಪ್ರಶ್ನೆ. ಏನು ಮಾಡಿದ ಎಂದಲ್ಲ, ಎಲ್ಲಿಯವನು ಎಂದಲ್ಲ. “ಯಾರ ಕಡೆಯವನು?”

ಜನರ ಕಡೆಯವನು ಎಂದೆ ಒಂದು ಕಡೆ. ಕಾವಲಿನವನು ಹಿಂದೆ ತಿರುಗಿ ಇನ್ನೊಬ್ಬನಿಗೆ ಹೇಳಿದ: “ಯಾರೂ ಇಲ್ಲವಂತೆ.”

ನಮ್ಮ ಸಂಘದವರ ಮನೆಗಳಿಗೂ ಹೋಗಿದ್ದೆ. ಒಬ್ಬನಿಗೆ ಹೊಟ್ಟೆನೋವು. ಒಬ್ಬಳು ಅಜ್ಜಿಯ ಊರಿಗೆ ಹೋಗಿದ್ದಾಳಂತೆ. ಒಳಗಿನಿಂದ ಅವಳ ಕೆಮ್ಮು ಕೇಳಿಸಿತು. ಪತ್ರಿಕೆಯವನು ಸಂಸದರ ಹೆಸರಿಲ್ಲದೆ ಬರೆದುಕೊಡು, ನೋಡೋಣ ಎಂದ. ಹೇಸಿಗೆ, ಹೇಸಿಗೆ.

ಡಿಸೆಂಬರ್ 5, ಶನಿವಾರ

ಏನೂ ಇಲ್ಲ. ಅಂಗಡಿಗೆ ಇನ್ನೂ ಮೂರು ಆಲ್ಬಮ್ ಬಂದವು. ಎಲ್ಲದರಲ್ಲೂ ಎಲ್ಲರ ಹೆಸರೂ ಇದೆ.

ಡಿಸೆಂಬರ್ 7, ಸೋಮವಾರ

ಒಂದು ಠಾಣೆಯ ಹಿಂದೆ ಬಟ್ಟೆ ಒಗೆಯುವ ಹೆಂಗಸು ಹೇಳಿದಳು: ಹೆಸರಿಲ್ಲದವರನ್ನು ಪುಸ್ತಕಕ್ಕೆ ಹತ್ತಿಸುವುದೇ ಇಲ್ಲವಂತೆ. ಹತ್ತಿಸದವರು ಎಲ್ಲಿಗೋ ಹೋಗಿಬಿಟ್ಟರೆ ಕೇಳುವವರಿಲ್ಲ. ಮಾಮಾ ಎಯೆಂಗಾ ಅದನ್ನು ಕೇಳಿ ಅಲ್ಲೇ ಕಲ್ಲಿನ ಮೇಲೆ ಕೂತಳು. ಅವಳನ್ನು ಏಳಿಸುವುದು ಕಷ್ಟವಾಯಿತು.

ಮನೆಗೆ ಬಂದು ಅಣ್ಣ ನ್ಜುಜಿಯ ಜೊತೆ ಮಾತಾಡಿದೆ. ಬೇರೆ ದಾರಿಯಿರಲಿಲ್ಲ, ಇದನ್ನು ದಾಖಲಿಸಬೇಕು. ಬೊಯೆಂಗೆಯ ಆಲ್ಬಮ್ಮಿಗೆ ಕೂಗುಗಳನ್ನು ಸೇರಿಸುವುದು ಬುಧವಾರ. ಪ್ಲಾಸಿಡನ ಹೆಸರು ಅದರಲ್ಲಿ ಬರಬೇಕು, ಊರಿಡೀ ಕೇಳಿದ ಹೆಸರನ್ನು ಕತ್ತಲಲ್ಲಿ ಮಾಯ ಮಾಡಲು ಯಾರಿಗಾದರೂ ಕೈ ನಡುಗೀತು ಎಂದೆ.

ಅವನು ಶರ್ಟಿಗೆ ಇಸ್ತ್ರಿ ಮಾಡುತ್ತಿದ್ದ. ನಿಲ್ಲಿಸಲಿಲ್ಲ.

“ಗುಲಾಮ ಪ್ರಜ್ಞೆ ಅಂದಿದ್ದೆ.”

“ಅಂದಿದ್ದೆ.”

“ವಾಪಸ್ ತಗೋ ಅಂತ ಹೇಳ್ತಿಲ್ಲ. ಸುಮ್ನೆ ನೆನಪಿಸ್ದೆ.”

ಬೇರೆಯವರ ಕಲ್ಲುಗಳೆಲ್ಲ ಪ್ರೊಫೆಸರನ ಕೈಯಲ್ಲಿವೆಯಂತೆ. ಕೂಗುಗಾರನಿಗೆ ಒಂದು ರೆಕಾರ್ಡಿಂಗಿಗೆ ಒಂದೇ ಒಂದು ಕಲ್ಲು ಸ್ವಂತದ್ದು, ಪುಕ್ಕಟೆ. ಅದನ್ನು ಅವನು ಪ್ರತಿ ಸಲವೂ ಅಮ್ಮನಿಗೆ ಎಸೆಯುತ್ತಾನೆ: ಮಾಮಾ ಒಡೆಟ್, ಸೊಪ್ಪಿನ ರಾಣಿ. ಇದು ನನಗೆ ಗೊತ್ತೇ ಇರಲಿಲ್ಲ. ಹೆಸರುಗಳು ಶುರುವಾದ ಕೂಡಲೇ ನಾನು ಹಾಡು ನಿಲ್ಲಿಸಿಬಿಡುತ್ತಿದ್ದೆ.

ಅಮ್ಮ ಒಳಗಿನಿಂದಲೇ ಕೇಳಿಸಿಕೊಂಡಿದ್ದಳು. “ನನ್ನ ಹೆಸರು ಮಾರ್ಕೆಟ್ನಲ್ಲಿ ನೊಣಕ್ಕೂ ಗೊತ್ತು. ಆ ಹುಡುಗಂಗೆ ಕೊಡು” ಎಂದಳು. ಅಷ್ಟೇ.

ಡಿಸೆಂಬರ್ 9, ಬುಧವಾರ

ಸ್ಟುಡಿಯೋ ಎಂದರೆ ಕಾರು ರಿಪೇರಿ ಅಂಗಡಿಯ ಹಿಂದಿನ ಕೋಣೆ. ಗೋಡೆ ತುಂಬ ಮೊಟ್ಟೆ ಇಡುವ ರಟ್ಟುಗಳನ್ನು ಅಂಟಿಸಿದ್ದಾರೆ. ಸಿಗರೇಟಿನ ಹೊಗೆ, ಬೆವರು, ಅರ್ಧ ಕುಡಿದ ಬಿಯರ್ ಬಾಟಲಿಗಳು. ಈ ಊರನ್ನು ಕುಣಿಸುವ ನಾದವೆಲ್ಲ ಇಂಥ ಗೂಡಿನಿಂದ ಬರುತ್ತದೆ. ಪ್ರೊಫೆಸರ್ ಊಟಕ್ಕೆ ಹೋದ ಹೊತ್ತನ್ನು ಅಣ್ಣ ಕಾದಿದ್ದ.

ಬರಿಯ ಹೆಸರು ನಿಲ್ಲುವುದಿಲ್ಲವಂತೆ. ಹಿಂದೆ ಒಂದು ಮಾತು ಇರಬೇಕು, ಬಿರುದಿನ ಹಾಗೆ. “ಜನಹೋರಾಟದ ಆರದ ಕಿಡಿ” ಎಂದು ಬರೆದುಕೊಟ್ಟೆ.

“ಕಿಡಿ ಗಿಡಿ ಪ್ರೊಫೆಸರ್ ಕಿವಿಗೆ ಬಿದ್ರೆ ಮೊದಲು ಸುಡೋದು ನನ್ನನ್ನ. ಮತ್ತೆ ಇದನ್ನ ಕೇಳಿ ಯಾರು ಸೊಂಟ ಅಲ್ಲಾಡಿಸ್ತಾರೆ? ಮನುಷ್ಯರು ಮಾತಾಡೋ ಹಾಗೆ ಬರಿ.”

ಮೂರು ಸಲ ಹರಿದೆ. ಕೊನೆಗೆ ಮಾಮಾ ಎಯೆಂಗಾ ಆ ಕಲ್ಲಿನ ಮೇಲೆ ಕೂತದ್ದು ಕಣ್ಣಿಗೆ ಬಂತು. ಬರೆದೆ: ‘ಪ್ಲಾಸಿಡ್ ಬೊಲಂಬಾ, ನೀನು ಯಾವ ದೇಶದಲ್ಲೇ ಇರು, ನಿನ್ನಮ್ಮ ಬಾಗಿಲಿಗೆ ಅಗುಳಿ ಹಾಕಿಲ್ಲ.’

ಅಣ್ಣ ಅದನ್ನು ತುಟಿಯಲ್ಲೇ ಎರಡು ಸಲ ಹೇಳಿಕೊಂಡ. “ಇದು ನಿಲ್ಲತ್ತೆ” ಎಂದ.

ಆಲ್ಬಮ್ಮಿಗೆ ಹೋಗುವ ಆ ಪ್ರೇಮಗೀತೆಯಲ್ಲಿ ಖಾಲಿಯಿದ್ದ ಜಾಗ ಒಂದೇ. ಇಕೊಲಿಯ ಹೆಸರಾದ ಕೂಡಲೇ. ಕರಪತ್ರ ಬರೆದವನೂ ಅದರಲ್ಲಿ ಬೈಸಿಕೊಂಡವನೂ ಒಂದೇ ಬೆಂಚಿನ ಮೇಲೆ. ಹೇಸಿಗೆ. ಅಣ್ಣ ಕೂಗಿದ. ಕೊನೆಯ ಅಕ್ಷರ ಗಿಟಾರಿನೊಳಗೆ ಮುಳುಗಿಹೋಯಿತು. ಇನ್ನೊಂದು ಸಲ ಎಂದೆ. ಕೂಗಿದ. ‘ಬೊಲಂಬಾ’ ಸರಿಯಾಗಿ ಕೇಳಿಸಲಿಲ್ಲ, ಮತ್ತೊಂದು ಸಲ ಎಂದೆ. ಯಂತ್ರದ ಮುಂದೆ ಕೂತಿದ್ದವನು ಕೇಳಿದ, ಯಾರಮ್ಮ ಈ ಮನುಷ್ಯ, ಇಷ್ಟು ಕಾಳಜಿ.

“ದೊಡ್ಡವರು” ಎಂದೆ.

ಯಾಕೆ ಹಾಗೆಂದೆನೋ. ಹೊಗೆಗೆ ತಲೆ ಸಿಡಿಯುತ್ತಿತ್ತು.

ಡಿಸೆಂಬರ್ 16, ಬುಧವಾರ

ಆಲ್ಬಮ್ ಬಂತು. ಬೆಳಗಿನಿಂದ ಅಂಗಡಿಯ ಮುಂದೆ ನೂಕುನುಗ್ಗಲು. ರುಂಬಾದವರು ಬಂದರು, ರ‍್ಯಾಪ್ ಬಿಟ್ಟು ಬೇರೇನೂ ಕೇಳದ ಹುಡುಗರು ಬಂದರು, ಭಜನೆಯ ಮಂಡಳಿಯ ಹೆಂಗಸರು ‘ಗಂಡನಿಗೆ’ ಎಂದು ಹೇಳಿ ತುಂಬಿಸಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಪ್ರಶ್ನೆ ಎದ್ದಿತು: ಈ ಬೊಲಂಬಾ ಯಾರು? ಹೊಸ ಹೆಸರು. ಇಕೊಲಿಯ ಪಕ್ಕದಲ್ಲೇ ಕೂಗಿದ್ದಾರೆ, ಸಣ್ಣ ಕುಳವಲ್ಲ. ಯಾವ ದೇಶದಲ್ಲೇ ಇರು ಎಂದ ಮೇಲೆ ಯುರೋಪಿನಲ್ಲೇ ಇರಬೇಕು.

“ಬೊಲಂಬಾ ಗೊತ್ತಿಲ್ವಾ ನಿಮಗೆ?” ಎಂದಳು ಮಾಮಾ ಕ್ಲೆಮಾಂಟೀನ್. “ಆಂಟ್‌ವರ್ಪ್‌ನಲ್ಲಿ ವಜ್ರದ ವ್ಯಾಪಾರ. ಅವರತ್ತೆ ತೀರ್ಕೊಂಡಾಗ ಅಡುಗೆಗೆ ನಾನೇ ಹೋಗಿದ್ದೆ. ಎಷ್ಟು ಮೇಕೆ ಅಂತೀರಾ.”

ಅವಳ ಮುಖ ನೋಡಿದೆ. ಸುಳ್ಳು ಹೇಳುತ್ತಿರುವವಳ ಮುಖವಲ್ಲ ಅದು. ಈ ಊರಿಗೆ ಒಂದು ಹೆಸರು ಎಸೆದರೆ ಸಾಕು, ಅದಕ್ಕೆ ಕಾರು, ಬಂಗಲೆ, ಸತ್ತ ಅತ್ತೆ ಎಲ್ಲವನ್ನೂ ಊರೇ ಒದಗಿಸುತ್ತದೆ. ಮೀನು ಮಾರುವವಳ ಮಗ ಎಲ್ಲೋ ಸಿಮೆಂಟು ನೆಲದ ಮೇಲೆ ಬಿದ್ದಿದ್ದಾನೆ. ಅವನ ಅತ್ತೆಯ ತಿಥಿಯ ಮೇಕೆಗಳನ್ನು ಇವರು ಎಣಿಸುತ್ತಿದ್ದಾರೆ.

ಆದರೂ ಯಾರ ಕಾರ್ಡಿಗೆ ಏನೇ ತುಂಬಿಸಲಿ, ಆ ಹಾಡನ್ನು ಮೊದಲಿಗೆ ಹಾಕುತ್ತಿದ್ದೇನೆ. ಭಜನೆಯವರಿಗೂ.

ಡಿಸೆಂಬರ್ 19, ಶನಿವಾರ

ಇದ್ದಾನೆ. ಬದುಕಿದ್ದಾನೆ.

ಸಾದಾ ಬಟ್ಟೆಯಲ್ಲಿ ಒಬ್ಬ ಬಂದು ಆ ಹಾಡು ಹಾಕಿಸಿದ. ಹೆಸರು ಬಂದಾಗ ನಿಲ್ಲಿಸಲು ಹೇಳಿದ, ಮತ್ತೆ ಕೇಳಿದ. ಈ ಬೊಲಂಬಾಗೆ ಎಡ ಹುಬ್ಬಿನ ಮೇಲೆ ಗಾಯದ ಗುರುತಿದೆಯೇ ಎಂದು ಮೆಲ್ಲಗೆ ವಿಚಾರಿಸಿದ. ಇದೆ ಎಂದೆ. ಅವನ ಮುಖ ಬಿಳಿಚಿಕೊಂಡಿತು. ಅವನೊಬ್ಬ ಪೊಲೀಸ್. ಪ್ಲಾಸಿಡ್ ಅವರ ಠಾಣೆಯಲ್ಲೇ ಇದ್ದಾನೆ. ಮೂರು ವಾರದಿಂದ ಹೆಸರು ಹೇಳುತ್ತಲೇ ಇದ್ದನಂತೆ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಬಾರಿನಲ್ಲಿ ಅದೇ ಹೆಸರು ಕೇಳಿ ಅವರ ಕಮಾಂಡರನ ಗಂಟಲಲ್ಲಿ ಬಿಯರ್ ಸಿಕ್ಕಿಕೊಂಡಿತಂತೆ.

ಮಾಮಾ ಎಯೆಂಗಾಳ ಡಬ್ಬಿಯನ್ನು ಇವತ್ತು ಒಳಗೆ ತೆಗೆದುಕೊಂಡರು. ಎರಡು ಕೈಯಲ್ಲಿ ತೆಗೆದುಕೊಂಡರು. “ಪಾಪಾ ಬೊಲಂಬಾಗೆ ಮೀನು ಮುಳ್ಳು ತೆಗೆದು ಕೊಡಬೇಕಾ ಮಾಮಾ?” ಎಂದು ಹಿರಿಯರಿಗೆ ಕೊಡುವ ಮರ್ಯಾದೆಯಲ್ಲಿ ಕೇಳಿದರಂತೆ. ಅವಳು ನಗಬೇಕೋ ಅಳಬೇಕೋ ತಿಳಿಯದೆ ನನ್ನ ಅಂಗಡಿಯವರೆಗೂ ಓಡಿಬಂದಳು.

ಡಿಸೆಂಬರ್ 22, ಮಂಗಳವಾರ

ಆದದ್ದನ್ನು ಆದಂತೆಯೇ ಬರೆಯುತ್ತೇನೆ. ಬರೆದು ಕೈ ತೊಳೆದುಕೊಳ್ಳುತ್ತೇನೆ.

ದೊಡ್ಡ ಮನುಷ್ಯನನ್ನು ಬಿಡಿಸಲು ಬರುವವರು ದೊಡ್ಡವರ ಹಾಗೆ ಕಾಣಬೇಕು ಎಂದ ಅಣ್ಣ. ತನ್ನ ಹಳದಿ ಸೂಟು, ಮೊಸಳೆ ಚರ್ಮದ್ದೆಂದು ಹೇಳಿಕೊಳ್ಳುವ ಬೂಟು. ಮಾಮಾ ಎಯೆಂಗಾಗೆ ಅಮ್ಮನ ಪೆಟ್ಟಿಗೆಯಲ್ಲಿದ್ದ ಹೊಸ ಬಟ್ಟೆ. ನನಗೆ ಬಾಯಿ ಮುಚ್ಚಿಕೊಂಡಿರಬೇಕು ಎಂಬ ಆಜ್ಞೆ. ಪ್ಲಾಸಿಡನಿಗಾಗಿ ಕೋಟು, ಅದೂ ಅಣ್ಣನದೇ.

ಕಮಾಂಡರ್ ಲುಸಾಲಾ ಎದ್ದು ನಿಂತು ಕೈ ಕೊಟ್ಟ. ದುಂಡು ಮುಖ, ತೆಳು ಮೀಸೆ, ಮೇಜಿನ ಮೇಲೆ ರೇಡಿಯೋ.

“ಏನ್ ಸ್ವಾಮಿ ನೀವು. ಹಾನರಬಲ್ ಪಕ್ಕದಲ್ಲಿ ಕೂತಿರೋ ಮನುಷ್ಯನ್ನ ನನ್ನ ಕೈಲಿ ನೆಲದ ಮೇಲೆ ಮಲಗಿಸಿಬಿಟ್ರಿ. ಮೊದಲೇ ಒಂದು ಮಾತು ಹೇಳೋದಲ್ವಾ?”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಒಂದೇ ಹಾಡಿನಲ್ಲಿ, ಒಂದೇ ಉಸಿರಿನಲ್ಲಿ ಹೆಸರು ಬಂದವರು ಒಂದೇ ಮೇಜಿನಲ್ಲಿ ಉಣ್ಣುವವರು. ಈ ಊರಿನ ಲೆಕ್ಕವೇ ಅದು. ಇಕೊಲಿಯ ಕಾವಲಿನವರು ಅವನನ್ನು ಎಳೆದುತಂದದ್ದು ದೊಡ್ಡವರ ನಡುವೆ, ಕುಡಿದ ಹೊತ್ತಿನಲ್ಲಿ ಆದ ಮುನಿಸು, ಕ್ರಿಸ್‌ಮಸ್ಸಿಗೆ ರಾಜಿಯಾಗುತ್ತಾರೆ, ಆಗ ಬೆನ್ನು ಒಡೆಸಿಕೊಳ್ಳುವವನು ತಾನು ಎಂದು ಈ ಮನುಷ್ಯ ತೀರ್ಮಾನಿಸಿಬಿಟ್ಟಿದ್ದಾನೆ. ಯಾವ ಜೋಡಣೆಗೆ ನಾನು ಹೇಸಿದ್ದೆನೋ ಅದೇ ಇವನ ಬೀಗ ತೆಗೆಸಿತು. ಅಣ್ಣ ಅಲ್ಲವೆನ್ನಲಿಲ್ಲ, ಹೌದೆನ್ನಲೂ ಇಲ್ಲ. ಕಾಲ ಮೇಲೆ ಕಾಲು ಹಾಕಿ ಬೂಟಿನ ತುದಿ ಕುಣಿಸುತ್ತಿದ್ದ.

ಆಮೇಲೆ ಕಮಾಂಡರ್ ರೇಡಿಯೋ ಕಡೆ ನೋಡಿದ. “ನಿಮ್ಮವರ ಹಾಡುಗಳಲ್ಲಿ ಎಲ್ಲರೂ ಇದ್ದಾರೆ. ಜನರಲ್ ಇದ್ದಾರೆ, ದರ್ಜಿ ಇದ್ದಾನೆ. ಪೊಲೀಸಿನವರು ಮಾತ್ರ ಯಾರೂ ಇಲ್ಲ.”

ಜನವರಿ ಎರಡನೇ ಭಾನುವಾರ ವಿಡಿಯೋಕ್ಕಾಗಿ ಇದೇ ಹಾಡಿಗೆ ಹೊಸ ಕೂಗುಗಳನ್ನು ಸೇರಿಸುತ್ತಾರೆ, ಅದರಲ್ಲಿ ತನ್ನ ಸ್ವಂತದ ಕಲ್ಲೊಂದಿದೆ ಎಂದ ಅಣ್ಣ. ಕಮಾಂಡರ್ ತಲೆದೂಗಿದ. ಅಲ್ಲಿಯವರೆಗೆ ಬೊಲಂಬಾ ಮನೆಯಲ್ಲಿರಲಿ, ಭಾನುವಾರದ ಮೇಲೆ ಕಾಗದ ಹರಿದುಹಾಕುತ್ತೇನೆ, ಇಲ್ಲದಿದ್ದರೆ ಮತ್ತೆ ಕರೆಸಿಕೊಳ್ಳಬೇಕಾಗುತ್ತದೆ ಎಂದು ಬಹಳ ಸಂಕೋಚದಿಂದ ಹೇಳಿದ. ಮತ್ತೆ, ಬಿರುದು ಏನಿರುತ್ತದೆ ಎಂದು ಈಗಲೇ ನೋಡಬಹುದೇ ಎಂದು ಕೇಳಿದ.

ಅಣ್ಣ ನನ್ನ ಕಡೆ ನೋಡಿದ. ಕಮಾಂಡರ್ ಪೆನ್ನು ಕೊಟ್ಟ.

‘ಕಮಾಂಡರ್ ಲುಸಾಲಾ, ಬೀಗವೂ ನೀನೇ, ಕೀಲಿಕೈಯೂ ನೀನೇ.’

ಅವನು ಓದಿ, ಮತ್ತೆ ಓದಿ, ಹೆಂಡತಿಗೆ ಫೋನ್ ಮಾಡಿ ಓದಿ ಹೇಳಿದ. ಕೆಟ್ಟದಾಗಿ ಬರೆಯಬಹುದಿತ್ತು. ಆದರೆ ಕೆಟ್ಟದಾಗಿ ಬರೆದದ್ದು ನಿಲ್ಲುವುದಿಲ್ಲ.

ಪ್ಲಾಸಿಡ್ ಹೊರಗೆ ಬಂದ. ಅಣ್ಣನ ಕೋಟಿನೊಳಗೆ ಹ್ಯಾಂಗರಿಗೆ ನೇತುಹಾಕಿದ ಹಾಗೆ ಕಾಣುತ್ತಿದ್ದ. ಅವನಮ್ಮ ಅವನ ಕಿವಿ, ಮೂಗು, ಬೆರಳು ಒಂದೊಂದನ್ನೇ ಮುಟ್ಟಿ ನೋಡಿದಳು.

ಡಿಸೆಂಬರ್ 25, ಶುಕ್ರವಾರ

ಹಬ್ಬದ ದಿನ ಮಾಮಾ ಎಯೆಂಗಾ ಎಲ್ಲರನ್ನೂ ಕರೆದಿದ್ದಳು. ಮಾರುಕಟ್ಟೆಯ ಹೆಂಗಸರೆಲ್ಲ ಬಂದರು. ಪ್ಲಾಸಿಡನನ್ನು ಸುತ್ತುಗಟ್ಟಿ ಅವನ ಸಾಲನ್ನು ಹಾಡಿದರು. ಇಷ್ಟು ದೊಡ್ಡವನಾಗಿದ್ದೂ ನಮ್ಮ ಜೊತೆ ಸಾದಾ ಬಾಳಿದೆಯಲ್ಲೋ ಎಂದು ಒಬ್ಬಳು ಕಣ್ಣೊರೆಸಿಕೊಂಡಳು. ಇಕೊಲಿಗೆ ನೀನೇ ಒಂದು ಮಾತು ಹೇಳು, ನಿಮ್ಮದು ನಿಮ್ಮಲ್ಲೇ ಮುಗಿಯಲಿ ಎಂದಳು ಇನ್ನೊಬ್ಬಳು.

ನಾನು ಯಾರೂ ಅಲ್ಲ, ನಿಮ್ಮ ಪಕ್ಕದ ಮೀನಿನವಳ ಮಗ ಎಂದ. ದೊಡ್ಡವರೆಲ್ಲ ಹೀಗೇ ಹೇಳುವುದು ಎಂದು ನಕ್ಕರು.

ಹಿತ್ತಲಿಗೆ ಕರೆದು ನನ್ನನ್ನು ಕೇಳಿದ.

“ಇಕೊಲಿ ಪಕ್ಕ ನನ್ನ ಕೂರ್ಸಿದ್ಯಾ?”

“ಅಲ್ಲೊಂದೇ ಜಾಗ ಇತ್ತು.”

“ಒಳಗೇ ಇದ್ದಿದ್ರೆ ಚೆನ್ನಾಗಿತ್ತು.”

“ಅದನ್ನ ನಿನ್ನಮ್ಮಂಗೆ ಹೇಳು, ಹೋಗು. ಒಳಗೆ ಅನ್ನ ಬಡಿಸ್ತಿದ್ದಾಳೆ.”

ಹೇ‌ಳಲಿಲ್ಲ. ಅವನು ಹೇಳಿದ್ದು ತಪ್ಪೇನಲ್ಲ. ನಾನೇ ಅವನ ಜಾಗದಲ್ಲಿದ್ದರೆ ಅದನ್ನೇ ಹೇಳುತ್ತಿದ್ದೆ. ಆದರೂ ಕೋಳಿಯ ತುಂಡನ್ನು ತಟ್ಟೆಯಲ್ಲೇ ಬಿಟ್ಟೆ.

ಜನವರಿ 6, ಬುಧವಾರ

ಇಕೊಲಿಯ ಕಡೆಯವರು ಮಾರುಕಟ್ಟೆಗೆ ಬಂದು ಹಗ್ಗ ಹಿಡಿದು ಅಳೆದರು. ಹೊಸ ವರ್ಷ, ಹಳೆಯ ಹಲ್ಲು.

ಪ್ಲಾಸಿಡ್ ಹೊಸ ಕರಪತ್ರ ತಂದ, ತಿದ್ದಿಕೊಡು ಎಂದ. ಅಂಗಡಿಯಲ್ಲೇ ಓದಿದೆ. ಮಾರುಕಟ್ಟೆಯ ವಿಷಯ, ಕಲ್ಲೆಸೆಯುವವರ ವಿಷಯ, ಹಾಡಿಗೆ ಹೆಸರು ಮಾರಿ ಜನರ ಜಾಗವನ್ನು ಮಾರುವವರ ವಿಷಯ. ಅವನು ಬರೆದದ್ದರಲ್ಲಿ ಇದೇ ಎಲ್ಲಕ್ಕಿಂತ ಚೆನ್ನಾಗಿದೆ. ಪ್ರತಿ ಮಾತೂ ನಿಜ. ನವೆಂಬರಿನಲ್ಲಿ ನಾನೇ ಬರೆದಿದ್ದರೂ ಇದನ್ನೇ ಬರೆಯುತ್ತಿದ್ದೆ. ಕೊನೆಯಲ್ಲಿ ಮಾರಾಟಗಾರರ ಹೆಸರುಗಳಿದ್ದವು: ಬೊಯೆಂಗೆ, ಭಕ್ತಿಗೀತೆಯವಳು, ರ‍್ಯಾಪ್ ಹುಡುಗ, ‘ಮತ್ತು ಈ ಎಲ್ಲ ಕೊಳಕಿನ ಗಂಟಲಾದ ನ್ಜುಜಿ’.

ಪೆನ್ನು ತೆಗೆದು ಆ ಕೊನೆಯ ತುಂಡನ್ನು ಹೊಡೆದುಹಾಕಿದೆ.

“ಯಾಕೆ?”

“ಸಾಲು ಉದ್ದ ಆಯ್ತು. ಓದೋವ್ರಿಗೆ ಉಸಿರು ಸಾಲಲ್ಲ.”

ಅವನು ನನ್ನ ಮುಖವನ್ನೇ ನೋಡಿದ. ಸಾಲು ನಿಜವಾಗಿಯೂ ಉದ್ದವಾಗಿತ್ತು.

ಜನವರಿ 9, ಶನಿವಾರ

ಕರಪತ್ರಗಳು ಅಚ್ಚಾಗಿ ಬಂದಿವೆ, ಮಂಚದ ಕೆಳಗಿವೆ. ನಾಳೆ ಸ್ಟುಡಿಯೋದ ಎದುರೇ ಹಂಚುತ್ತೇವೆ. ಪ್ಲಾಸಿಡ್ ರಸ್ತೆಯ ಆ ಬದಿ, ನಾನು ಈ ಬದಿ. ಈ ಸಲ ಇಬ್ಬರೂ ಒಬ್ಬರಿಗೊಬ್ಬರು ಕಾಣುವ ಹಾಗೆ ನಿಲ್ಲುತ್ತೇವೆ. ಈ ಹೊಲಸು ವ್ಯವಹಾರ ಎಂದಾದರೂ ನಿಲ್ಲಬೇಕಾದರೆ ಅದರ ಬಾಗಿಲಲ್ಲೇ ನಿಂತು ಹೇಳಬೇಕು. ಹೊಸ ವರ್ಷದ ಆಲ್ಬಮ್‌ಗಳು ಆಗಲೇ ಬರತೊಡಗಿವೆ. ಒಂದರ ಹೊದಿಕೆಯ ಮೇಲೆ ಗಾಯಕನ ಚಿತ್ರಕ್ಕಿಂತ ಧನ್ಯವಾದಗಳ ಪಟ್ಟಿ ದೊಡ್ಡದಿದೆ. ನೋಡಿದರೇ ಮೈಯೆಲ್ಲ ಉರಿಯುತ್ತದೆ.

ಅಣ್ಣನಿಗೆ ನೆಗಡಿ, ಗಂಟಲು ಕಟ್ಟಿದೆ. ಬೆಳಿಗ್ಗೆ ಹೋಗುವಾಗ ಶುಂಠಿ ಜಜ್ಜಿ ಕುದಿಸಿ ಸೀಸೆಗೆ ತುಂಬಿಕೊಂಡು ಹೋಗಬೇಕು. ಹಂಚುವುದಕ್ಕೆ ಮುಂಚೆ ಒಳಗೆ ಕೊಟ್ಟು ಬರುತ್ತೇನೆ. ‘ಲುಸಾಲಾ’ ಎಂಬ ಹೆಸರನ್ನು ಎದೆಯಿಂದ ಕೂಗಬೇಕು. ಗಂಟಲು ಒಡೆದರೆ ಗಿಟಾರಿನಲ್ಲಿ ಮುಳುಗಿಹೋಗುತ್ತದೆ. ಸರಿಯಾಗಿ ಕೇಳಿಸುವವರೆಗೆ ಕೂಗಿಸುತ್ತೇನೆ.